ಸಂಜೆ ಐದರ ನಂತರ ಕೀಲಿ ಯಾರ ಹತ್ತಿರ? – ರಾಯಚೂರು ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್,
ರಾಯಚೂರು.

ವಿಷಯ: ಶಾಲೆ ಬಿಟ್ಟ 15ರಿಂದ 18 ವರ್ಷದವರಿಗಾಗಿ ಗ್ರಾಮ ಪಂಚಾಯಿತಿ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕಾದ ಕೆಲಸಗಳು

ಮಾನ್ಯರೇ,

ಹದಿನಾಲ್ಕರವರೆಗೆ ಶಿಕ್ಷಣ ಹಕ್ಕು ಕಾಯ್ದೆ ಇದೆ. ಹದಿನೆಂಟು ತುಂಬಿದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ (ಆರ್‌ಸೆಟಿ) ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿಯ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಹೋಗಿ ಮನೆಯಲ್ಲಿ ಕೂತ ಹದಿನಾರರ ಹುಡುಗನಿಗೆ, ಹುಡುಗಿಗೆ ಊರಲ್ಲಿ ನಿಂತು ಕೈಹಿಡಿಯುವವರು ಯಾರು? ಸದ್ಯಕ್ಕೆ ಬೆಳಿಗ್ಗೆ ಆರಕ್ಕೆ ಕಟ್ಟೆ ಮುಂದೆ ಹಾರ್ನ್ ಹಾಕುವ, ಕೂಲಿಗೆ ಕರೆದೊಯ್ಯುವ ಟಂಟಂ ಗಾಡಿ ಒಂದೇ. ಹತ್ತಿ ಬಿಡಿಸುವುದು ಮುಗಿದರೆ ಮೆಣಸಿನಕಾಯಿ, ಅದೂ ಮುಗಿದರೆ ಬೆಂಗಳೂರಿನ ಕಟ್ಟಡ ಕೆಲಸ.

ಮಾನ್ವಿ, ದೇವದುರ್ಗ, ಮಸ್ಕಿ, ಲಿಂಗಸುಗೂರು ಭಾಗದಲ್ಲಿ ಈ ವಯಸ್ಸಿನವರ ಜೊತೆ ಕೆಲಸ ಮಾಡುವ ನಾವು ಈ ಪತ್ರದಲ್ಲಿ ಹೊಸ ಕಟ್ಟಡ ಕೇಳುತ್ತಿಲ್ಲ. ಯುವಜನ ಯೋಜನೆ ಎಂದ ಕೂಡಲೇ ಕಡತದಲ್ಲಿ ಮೊದಲು ಬರುವುದು ಭವನ. ಅದಕ್ಕೆ ಭೂಮಿಪೂಜೆ ಆಗುತ್ತದೆ, ಛತ್ತು ಹಾಕುತ್ತಾರೆ, ಉದ್ಘಾಟನೆಯೂ ಆಗುತ್ತದೆ. ಮುಂದಿನ ವರ್ಷಕ್ಕೆ ಅದರೊಳಗೆ ಯಾರದೋ ಭತ್ತದ ಚೀಲ, ಇಲ್ಲವೇ ಮದುವೆಯ ಪಾತ್ರೆ. ಬಾಗಿಲು ತೆರೆಯಲು ಸಂಬಳದ ಮನುಷ್ಯ ಇಲ್ಲದ ಕಡೆ ಬೇರೇನೂ ಆಗುವುದಿಲ್ಲ.

ನಾವು ಕೇಳುವುದು ಇಷ್ಟು. ಪ್ರತಿ ಪಂಚಾಯಿತಿಯಲ್ಲಿ ಈಗಾಗಲೇ ಇರುವ ಒಂದು ಕೋಣೆ: ಗ್ರಂಥಾಲಯವೋ, ಪ್ರೌಢಶಾಲೆಯ ಒಂದು ತರಗತಿಯೋ. ವಾರಕ್ಕೆ ಆರು ದಿನ ಸಂಜೆ 5ರಿಂದ 9ರವರೆಗೆ ಅದು ತೆರೆದಿರಬೇಕು. ನೋಡಿಕೊಳ್ಳಲು ಅದೇ ಪಂಚಾಯಿತಿ ವ್ಯಾಪ್ತಿಯ ಇಬ್ಬರು, ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು. ಇದನ್ನು ಒಬ್ಬರಿಂದಲೇ ಮಾಡಿಸಲು ಹೋಗಬೇಡಿ. ಗಂಡಸು ಒಬ್ಬನೇ ಇದ್ದರೆ ಎರಡನೇ ವಾರಕ್ಕೆ ಹುಡುಗಿಯರು ಬರುವುದು ನಿಲ್ಲುತ್ತದೆ. ಹೆಣ್ಣುಮಗಳು ಒಬ್ಬಳೇ ಇದ್ದರೆ ರಾತ್ರಿ ಎಂಟಾದ ಮೇಲೆ ಆಕೆಯೇ ಕೂರುವುದು ಕಷ್ಟ.

ಲೆಕ್ಕ ಹೀಗಿದೆ. ತಿಂಗಳಿಗೆ ತಲಾ 8,000 ರೂಪಾಯಿಯಂತೆ ಇಬ್ಬರಿಗೆ ವರ್ಷಕ್ಕೆ 1,92,000. ಪುಸ್ತಕ, ಅಭ್ಯಾಸ ಪತ್ರಿಕೆ, ಚೆಂಡು ಇತ್ಯಾದಿಗೆ 24,000. ಪರೀಕ್ಷೆಗೆ ಮುಂಚಿನ ನೂರು ದಿನ 30 ಮಂದಿಗೆ ತಲಾ 10 ರೂಪಾಯಿಯ ಚುರುಮರಿ, ಶೇಂಗಾಕ್ಕೆ 30,000. ತಾಲ್ಲೂಕಿಗೆ, ಆಸ್ಪತ್ರೆಗೆ ಕರೆದೊಯ್ಯುವ ಓಡಾಟಕ್ಕೆ 18,000. ಬಲ್ಬು, ನಲ್ಲಿ, ಬಾಗಿಲ ಚಿಲಕದ ದುರಸ್ತಿಗೆ 12,000. ಒಟ್ಟು 2,76,000. ಒಂದು ಭವನಕ್ಕೆ 25 ಲಕ್ಷ ಎಂದಿಟ್ಟುಕೊಂಡರೆ ಅದೇ ದುಡ್ಡಿನಲ್ಲಿ ಒಂದು ಕೇಂದ್ರ ಒಂಬತ್ತು ವರ್ಷ ನಡೆಯುತ್ತದೆ.

ತಿಂಡಿಯ ಬಾಬತ್ತನ್ನು ಲೆಕ್ಕಪರಿಶೋಧನೆಯಲ್ಲಿ ಮೊದಲು ಹೊಡೆದುಹಾಕುತ್ತಾರೆ, ದಯವಿಟ್ಟು ಅದನ್ನು ಉಳಿಸಿ. ಹೊಲದಿಂದ ನೇರ ಬಂದವರಿಗೆ ಆರು ಗಂಟೆಗೆ ಹಸಿವಾಗಿರುತ್ತದೆ. ತಿನ್ನಲು ಮನೆಗೆ ಹೋದವರು ತಿರುಗಿ ಬರುವುದಿಲ್ಲ.

ಹಣದ ಬಾಬತ್ತಿನಲ್ಲೇ ಹೆಚ್ಚಿನ ಪ್ರಸ್ತಾವಗಳು ಬೀಳುವುದು. 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು, ಉಳಿದ 40 ಭಾಗ ಮುಕ್ತವಾಗಿತ್ತು. ಆ ಮುಕ್ತ ಭಾಗದಿಂದಲೂ ಸಂಬಳ ಕೊಡುವಂತಿರಲಿಲ್ಲ. ಇದನ್ನು ಗಮನಿಸದೆ 'ಯುವ ಕಾರ್ಯಕರ್ತರ ಗೌರವಧನ' ಎಂದು ಅದೇ ಬಾಬತ್ತಿನಲ್ಲಿ ಬರೆದರೆ ಕಡತ ವಾಪಸ್ ಬರುತ್ತದೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೇಸತ್ತು ಆ ಜಾಗದಲ್ಲಿ ಚರಂಡಿ ಬರೆದು ಕಳಿಸುತ್ತಾರೆ. ಆದ್ದರಿಂದ ಎರಡನ್ನೂ ಬೇರೆ ಮಾಡಿ. ದುರಸ್ತಿ, ಶೌಚಾಲಯ, ದೀಪ, ಮೈದಾನ ಇವೆಲ್ಲ ಅನುದಾನದಲ್ಲಿ ಬರಲಿ. ಗೌರವಧನಕ್ಕೆ ಪಂಚಾಯಿತಿಯ ಸ್ವಂತ ಸಂಪನ್ಮೂಲ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನೆರವು ಬೇಕು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ವಸೂಲಾಗುತ್ತದೆ. ಹತ್ತು ಲಕ್ಷ ತೆರಿಗೆ ವಸೂಲಿಯ ಪಂಚಾಯಿತಿಯಲ್ಲಿ ಅದು 60,000. ಆ ಮೊತ್ತ ಆಯಾ ಊರಿನ ಗ್ರಂಥಾಲಯದ ಲೆಕ್ಕದಲ್ಲಿ ಪ್ರತ್ಯೇಕ ಸಾಲಾಗಿ ಕಾಣಲಿ. ಇನ್ನು ಮಂಡಳಿ. ಸಂವಿಧಾನದ 371-ಜೆ ವಿಧಿ ಬಂದದ್ದು ಈ ಭಾಗದ ಜನರ ಓದು, ಉದ್ಯೋಗದ ಹಿಂದುಳಿದಿರುವಿಕೆಗೆ. ಸಿಮೆಂಟಿಗೆ ಸುಲಭವಾಗಿ ಹರಿಯುವ ಅದರ ಹಣ ಸಂಜೆಯ ನಾಲ್ಕು ಗಂಟೆಗೂ ಹರಿಯುವಂತೆ ಜಿಲ್ಲೆಯಿಂದ ಒಂದು ಮಾದರಿ ಅಂದಾಜುಪಟ್ಟಿ ಹೋಗಬೇಕು. ಒಂದೊಂದು ಪಂಚಾಯಿತಿ ಒಂದೊಂದು ಬಗೆಯಲ್ಲಿ ಬರೆದರೆ ಒಂದೂ ದಾಟುವುದಿಲ್ಲ.

ಈಗ ಎಣಿಕೆ. ಯಾರಿಗೆ ಯೋಜನೆ ಎಂಬುದು ಗೊತ್ತಿಲ್ಲದೆ ಏನು ಬರೆದರೂ ಅಂದಾಜೇ. ಹೊಸ ಸಮೀಕ್ಷೆಯ ಅಗತ್ಯವೇನಿಲ್ಲ, ಪಟ್ಟಿಗಳು ಆಗಲೇ ಇವೆ. ಪ್ರೌಢಶಾಲೆಯಿಂದ ಕಳೆದ ಮೂರು ವರ್ಷದ ಹತ್ತನೇ ತರಗತಿಯ ಹಾಜರಿ ಮತ್ತು ಟಿಸಿ ಪುಸ್ತಕ ತೆಗೆಸಿ. ಪಾಸಾದವರಲ್ಲಿ ಪಿಯುಗೋ ಐಟಿಐಗೋ ಸೇರದವರು, ನಪಾಸಾದವರು, ಒಂಬತ್ತರಲ್ಲೇ ಬಿಟ್ಟವರು – ಈ ಮೂರು ಗುಂಪನ್ನು ಅಂಗನವಾಡಿ ಕಾರ್ಯಕರ್ತೆಯ ಮನೆಗಣತಿ ಪುಸ್ತಕದ ಜೊತೆ ಹೋಲಿಸಿ. ಎರಡು ದಿನದ ಕೆಲಸ. ಆದರೂ ನಾಲ್ಕು ಬಗೆಯವರು ತಪ್ಪಿಹೋಗುತ್ತಾರೆ: ತಾಂಡಾದವರು, ಗುಳೆ ಹೋದವರು, ಹದಿನೆಂಟರೊಳಗೆ ಮದುವೆಯಾಗಿ ಬೇರೆ ಊರಿನ ಲೆಕ್ಕಕ್ಕೂ ಸೇರದವರು, ಅಂಗವಿಕಲರು. ಇವರಿಗಾಗಿ ಜನವರಿ, ಫೆಬ್ರುವರಿಯಲ್ಲಿ ಮನೆಮನೆ ಸುತ್ತಿದರೆ ಬೀಗವೇ ಸಿಗುವುದು. ಮೊಹರಂ ಹೊತ್ತಿಗೆ ಹೋಗಿ. ಅಲಾಯಿ ದೇವರು ಕೂರುವ ವಾರ ಬೆಂಗಳೂರಿನಲ್ಲಿದ್ದವರೂ ಬಸ್ಸು ತುಂಬಿ ಊರಿಗೆ ಬರುತ್ತಾರೆ. ಯುಗಾದಿ, ಊರ ಜಾತ್ರೆಯೂ ಆದೀತು.

ಎಣಿಕೆಯ ಜೊತೆಗೆ ಅವರನ್ನು ಕೇಳಬೇಕು, ಕೇಳುವ ಬಗೆಯಲ್ಲಿ ಸ್ವಲ್ಪ ಎಚ್ಚರ ಬೇಕು. 'ನಿಮಗೆ ಏನು ಬೇಕು?' ಎಂದರೆ ಎಲ್ಲ ಊರಲ್ಲೂ ಒಂದೇ ಉತ್ತರ: ಜಿಮ್, ವೈಫೈ, ಗ್ರೌಂಡು. ಅದನ್ನೇ 'ನಿನ್ನೆ ಸಂಜಿ ಐದರಿಂದ ಒಂಬತ್ತರ ತನಕ ಎಲ್ಲಿದ್ದಿ, ಏನ್ ಮಾಡಿದಿ?' ಎಂದು ಕೇಳಿ ನೋಡಿ. ಕಾಲುವೆ ಸೇತುವೆ, ಹೋಟೆಲ್ ಕಟ್ಟೆ, ಫೋನಿನಲ್ಲಿ ದುಡ್ಡಿನ ಆಟ ಹುಡುಗರ ಬಾಯಲ್ಲಿ ಬರುತ್ತವೆ. ಹುಡುಗಿಯರ ಬಾಯಲ್ಲಿ ನೀರು, ರೊಟ್ಟಿ, ತಮ್ಮನನ್ನು ಎತ್ತಿಕೊಳ್ಳುವುದು. ಯೋಜನೆ ಹುಟ್ಟಬೇಕಾದದ್ದು ಈ ಎರಡನೇ ಉತ್ತರದಿಂದ. ಮಕ್ಕಳ ಗ್ರಾಮಸಭೆಯನ್ನೂ ಹೀಗೆಯೇ ಸರಿಪಡಿಸಬೇಕು. ಅದು ಬಹುತೇಕ ಕಡೆ ಶಾಲೆಯ ಅಂಗಳದಲ್ಲಿ, ಶಾಲೆಯ ಹೊತ್ತಿನಲ್ಲಿ, ಸಮವಸ್ತ್ರದ ಮಕ್ಕಳಿಂದ ನಡೆಯುತ್ತದೆ. ಶಾಲೆ ಬಿಟ್ಟವರಿಗೆ ಅಲ್ಲಿ ಜಾಗವಿಲ್ಲ, ಹದಿನೆಂಟಾಗದ ಕಾರಣ ದೊಡ್ಡವರ ಗ್ರಾಮಸಭೆಯಲ್ಲೂ ಇಲ್ಲ.

ಮುಂದಿನದು ವರ್ಷದ ಲೆಕ್ಕ. ಕಚೇರಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಈ ಹುಡುಗರ ವರ್ಷ ಬೇರೆ. ಅಕ್ಟೋಬರ್‌ನಿಂದ ಜನವರಿವರೆಗೆ ಹತ್ತಿ, ಆಮೇಲೆ ಮೆಣಸಿನಕಾಯಿ, ನೀರಾವರಿಯ ಸಿಂಧನೂರು, ಮಾನ್ವಿ ಕಡೆ ಭತ್ತದ ನಾಟಿ ಮತ್ತು ಕೊಯ್ಲು. ಅನುದಾನ ಖರ್ಚಾಗಲಿಲ್ಲವೆಂದು ಫೆಬ್ರುವರಿ ಕೊನೆಯಲ್ಲಿ ಮೂರು ದಿನದ 'ವ್ಯಕ್ತಿತ್ವ ವಿಕಸನ ಶಿಬಿರ' ಇಟ್ಟರೆ ಬರುವವರು ಕಾಲೇಜಿನಿಂದ ಕರೆತಂದವರೇ ಹೊರತು ಇವರಲ್ಲ.

ಇವರು ಕೈಗೆ ಸಿಗುವ, ಅವರಿಗೂ ಕೆಲಸಕ್ಕೆ ಬರುವ ಕಾಲ ಮೇ ತಿಂಗಳು. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲಿನದರಲ್ಲಿ ಹೋದವರು ಮುಂದಿನದರಲ್ಲಿ ಕೂರಬಹುದು, ವರ್ಷ ಹಾಳಾಗುವುದಿಲ್ಲ. ನಮ್ಮಲ್ಲಿ ಅನೇಕರು ಈ ಅವಕಾಶ ತಪ್ಪಿಸಿಕೊಳ್ಳುವುದು ಗಣಿತದಿಂದಲ್ಲ. ಫಲಿತಾಂಶ ಬಂದ ಮೇಲೆ ನೋಂದಣಿಗೆ ಸಿಗುವುದು ಕೆಲವೇ ದಿನ. ಹುಡುಗ ಆಗಲೇ ಬೆಂಗಳೂರಿನ ಶೆಡ್ಡಿನಲ್ಲಿ, ಶಾಲೆಗೆ ಬೇಸಿಗೆ ರಜೆ, ಹೇಳುವವರಿಲ್ಲ. ಫಲಿತಾಂಶದ ದಿನವೇ ಪಟ್ಟಿ ಹಿಡಿದು ಪ್ರತಿ ಮನೆಗೆ ಫೋನು ಮಾಡುವುದು ಕೇಂದ್ರದ ಇಬ್ಬರ ಮೊದಲ ಕೆಲಸ. ಆಮೇಲೆ ಒಂದು ತಿಂಗಳು ದಿನಕ್ಕೆ ಎರಡು ಗಂಟೆ ಪಾಠ. ಎಲ್ಲ ವಿಷಯವನ್ನೂ ಕಲಿಸಲು ಹೊರಡಬೇಡಿ, ಹೋದ ವಿಷಯ ಮಾತ್ರ. ಗಣಿತದಲ್ಲಿ ರೇಖಾಗಣಿತದ ಪ್ರಮೇಯ, ನಕ್ಷೆ, ಸಂಖ್ಯಾಶಾಸ್ತ್ರದಂಥ ಅಂಕ ಖಚಿತವಾದ ಭಾಗಗಳನ್ನು ಮಾತ್ರ ಕೈಯಿಂದ ಬರೆಸಿ ಬರೆಸಿ ಗಟ್ಟಿಮಾಡಿಸಿ.

ಮೇ ತಿಂಗಳ ಇನ್ನೊಂದು ಕೆಲಸ ಕಾಗದಪತ್ರ. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ಐಟಿಐ ಯಾವುದಿದ್ದರೂ ಅರ್ಜಿ ನಿಲ್ಲುವುದು ಇಂಥ ಕಡೆ: ಆಧಾರ್‌ನಲ್ಲಿ 'ಹನಮಂತ', ಅಂಕಪಟ್ಟಿಯಲ್ಲಿ 'ಹನುಮಂತಪ್ಪ'. ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿದೆ. ಬ್ಯಾಂಕ್ ಖಾತೆ ಇದೆ, ಆದರೆ ಸರ್ಕಾರದ ಹಣ ನೇರ ಜಮಾ ಆಗಲು ಬೇಕಾದ ಎನ್‌ಪಿಸಿಐ ವ್ಯವಸ್ಥೆಯಲ್ಲಿ ಆಧಾರ್ ಅದಕ್ಕೆ ಜೋಡಣೆಯಾಗಿಲ್ಲ, ಆದ್ದರಿಂದ ಮಂಜೂರಾದ ಹಣವೂ ಬರುವುದಿಲ್ಲ. ಇದರ ಮೇಲೆ ಹದಿನೈದು ತುಂಬಿದಾಗ ಮಾಡಿಸಬೇಕಾದ ಬೆರಳಚ್ಚು, ಕಣ್ಣಿನ ನವೀಕರಣ. ಇದನ್ನು ಮಾಡಿಸದಿದ್ದರೆ ಬೆರಳಿಟ್ಟಾಗ ಯಂತ್ರ ಒಪ್ಪುವುದಿಲ್ಲ, ಕೌಂಟರಿನಲ್ಲಿ 'ನಾಳೆ ಬಾ' ಎನ್ನುತ್ತಾರೆ, ನಾಳೆ ಎಂದರೆ ಇನ್ನೊಂದು ದಿನದ ಕೂಲಿ. ನಾಡಕಚೇರಿ, ಅಂಚೆ ಇಲಾಖೆ, ಬ್ಯಾಂಕ್ ಮಿತ್ರ ಮೂವರನ್ನೂ ಒಂದೇ ದಿನ ಒಂದೇ ಕೋಣೆಯಲ್ಲಿ ಕೂರಿಸಿದರೆ ಇದು ಮುಗಿಯುತ್ತದೆ. ಜೂನ್‌ನಲ್ಲಿ ಸರ್ವರ್ ಕೈಕೊಡುವ ಮೊದಲೇ ಮಾಡಬೇಕು.

ಹುಡುಗಿಯರ ವಿಚಾರ. ಕೇಂದ್ರಕ್ಕೆ ಅವರು ಬರುವುದು ಬಿಡುವುದು ಉದ್ದೇಶದ ಒಳ್ಳೆಯತನದಿಂದ ತೀರ್ಮಾನವಾಗುವುದಿಲ್ಲ, ಶೌಚಾಲಯದ ಒಳಚಿಲಕದಿಂದ ಆಗುತ್ತದೆ. ಚಿಲಕ ಗಟ್ಟಿಯಿರಬೇಕು, ಒಳಗೆ ನೀರು, ಮುಚ್ಚಳವಿರುವ ಬುಟ್ಟಿ, ಕೋಣೆಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ. ವೇಳೆಯೂ ಬೇರೆ ಬೇಕು. ಅವರಿಗೆ ಸಂಜೆ ಐದು ಆಗುವುದಿಲ್ಲ, ಮಧ್ಯಾಹ್ನ ಎರಡರಿಂದ ನಾಲ್ಕು ಆಗುತ್ತದೆ. ವಾರಕ್ಕೆ ಮೂರು ಮಧ್ಯಾಹ್ನ ಅವರಿಗೇ ಬಿಟ್ಟುಕೊಡಿ. ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹುಡುಗಿಗೆ ಅದೇ ಪಂಚಾಯಿತಿಯ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ' ನೆರವಿಗೆ ಬರಬೇಕು. ಅದು ಸಂಜೆ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ನೋಡಿ ತರಗತಿಯ ವೇಳೆ ಇಡಿ. ಬೇರೆ ಊರಿಂದ ಬರುವವರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಸರಿ. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಗೋಡೆಯ ಮೇಲೆ ಬರೆದು, ಅದಕ್ಕೆ ಇಪ್ಪತ್ತು ನಿಮಿಷ ಮೊದಲೇ ಮುಗಿಸಬೇಕು.

ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಹಾಗಾಗಿ 14ರಿಂದ 18 ವರ್ಷದ ಹೆಣ್ಣುಮಕ್ಕಳ ಪೌಷ್ಟಿಕ ಆಹಾರ ಯೋಜನೆ ಇಲ್ಲಿಗೆ ಅನ್ವಯಿಸುತ್ತದೆ: ದಿನಕ್ಕೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್, ವರ್ಷಕ್ಕೆ 300 ದಿನ. ಇದರ ಜೊತೆ ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮಾತ್ರೆ ಬರುತ್ತದೆ, ನುಂಗುವವರು ಕಡಿಮೆ, ಕಾರಣ ಸಣ್ಣದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೆ, ಹೊಟ್ಟೆ ತೊಳಸಿ ವಾಂತಿ ಬರುತ್ತದೆ, ಮಲ ಕಪ್ಪಗಾದದ್ದು ನೋಡಿ ಹೆದರುತ್ತಾರೆ, ಓಣಿಯಲ್ಲಿ 'ಮಕ್ಕಳಾಗದ ಗುಳಿಗೆ' ಎಂದು ಸುದ್ದಿ ಹಬ್ಬುತ್ತದೆ. ಮುಂದಿನ ಸೋಮವಾರ ಒಬ್ಬರೂ ಇಲ್ಲ. ಮಾತ್ರೆಯನ್ನು ಕೈಗೆ ಕೊಟ್ಟು ಕಳಿಸಬೇಡಿ. ಮಧ್ಯಾಹ್ನ ಊಟ ಮುಗಿದ ಮೇಲೆ, ಕೇಂದ್ರದಲ್ಲೇ, ಎಲ್ಲರ ಎದುರು ಕಾರ್ಯಕರ್ತೆಯೂ ಸೇರಿ ನುಂಗಬೇಕು. ನುಂಗಿದ ಮೇಲೆ ಒಂದು ಗಂಟೆ ಹೊತ್ತು ಚಹಾ ಬೇಡ, ಲಿಂಬೆ ಹಣ್ಣಿನ ಪಾನಕ ಆದೀತು. ಮಲದ ಬಣ್ಣದ ಮಾತನ್ನು ಮೊದಲ ದಿನವೇ ನಾಚಿಕೆ ಬಿಟ್ಟು ಹೇಳಿಬಿಡಬೇಕು.

ಮೈದಾನದ ಬಗ್ಗೆ ಎಂಜಿನಿಯರುಗಳಿಗೆ ಒಂದು ಮಾತು. ನಮ್ಮದು ಎರೆ ಭೂಮಿ. ಮಳೆಯಲ್ಲಿ ಉಬ್ಬುತ್ತದೆ, ಏಪ್ರಿಲ್‌ನಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ. ಅದರ ಮೇಲೆ ಸುಣ್ಣದ ಗೆರೆ ಎಳೆದು ವಾಲಿಬಾಲ್ ಅಂಕಣ ಎಂದರೆ ಮೊದಲ ತಿಂಗಳಲ್ಲೇ ಯಾರದಾದರೂ ಕಣಕಾಲು ಉಳುಕುತ್ತದೆ. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಮೂರು ಮೀಟರ್ ಬಿಟ್ಟರೆ 24ಕ್ಕೆ 15, ಅಂದರೆ 360 ಚದರ ಮೀಟರ್. ಆರು ಇಂಚು ಗರಸು ಹಾಕಲು 54 ಘನ ಮೀಟರ್ ಬೇಕು. ನೂರು ಘನ ಅಡಿಯ ಟ್ರಾಲಿಯಲ್ಲಿ 19 ಲೋಡು, ರೋಲರ್ ಹೊಡೆದಾಗ ಇಳಿಯುವುದನ್ನು ಸೇರಿಸಿ 24 ಬರೆಯಿರಿ. ಅಂದಾಜುಪಟ್ಟಿಯಲ್ಲಿ ಹತ್ತು ಲೋಡು ಬರೆದು ಉಳಿದದ್ದಕ್ಕೆ ಕಮಾನು ಕಟ್ಟುವ ರೂಢಿ ನಿಲ್ಲಲಿ. ಕಂಬದ ಗುಂಡಿ ಮೂರು ಅಡಿ ಆಳ, ಕಾಂಕ್ರೀಟಿನ ಸುತ್ತ ಎರೆ ಮಣ್ಣು ತಾಗದಂತೆ ಗರಸು ತುಂಬಿಸಿ, ಇಲ್ಲವಾದರೆ ಎರಡು ಮಳೆಗಾಲದಲ್ಲಿ ಕಂಬ ವಾಲುತ್ತದೆ. ಬಲೆ ಕಟ್ಟಲು ಎರಡು ಎತ್ತರದಲ್ಲಿ ಕೊಕ್ಕೆ ಇರಲಿ: ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಎರಡನೇ ಕೊಕ್ಕೆ ಇಲ್ಲದ ಮೈದಾನ ಹುಡುಗರದ್ದು ಮಾತ್ರ ಆಗಿಬಿಡುತ್ತದೆ. ಇನ್ನು ಸುತ್ತಲ ಬಳ್ಳಾರಿ ಜಾಲಿ. ಅದನ್ನು ಬೇರುಸಹಿತ ಕೀಳದೆ ಚೆಂಡು ಕೊಡಿಸಿ ಪ್ರಯೋಜನವಿಲ್ಲ, ಮುಳ್ಳಿಗೆ ತಾಗಿದ ಚೆಂಡು ಅವತ್ತೇ ಮುಗಿಯುತ್ತದೆ. ಕ್ರೀಡಾ ಕಿಟ್‌ನಲ್ಲಿ ಪಂಪು ಮತ್ತು ಆರು ಸೂಜಿ ಬರೆಯಲು ಎಲ್ಲರೂ ಮರೆಯುತ್ತಾರೆ.

ಕೌಶಲ್ಯ ತರಬೇತಿ ಎಂದರೆ ಹೊಲಿಗೆ ಯಂತ್ರ ಎಂಬುದು ಇನ್ನೂ ಹೋಗಿಲ್ಲ. ಮುನ್ನೂರು ಮನೆಯ ಊರಲ್ಲಿ ಮೂವತ್ತು ಮಂದಿ ಜಂಪರ್ ಹೊಲಿಯಲು ಕಲಿತರೆ ಇಬ್ಬರಿಗೆ ಕೆಲಸ ಸಿಗುತ್ತದೆ, ಉಳಿದ ಯಂತ್ರದ ಮೇಲೆ ಟಿವಿ ಕೂರುತ್ತದೆ. ಊರಲ್ಲಿ ದುಡ್ಡು ಕೊಟ್ಟು ಯಾವ ಕೆಲಸಕ್ಕೆ ಹೊರಗಿನವರನ್ನು ಕರೆಸುತ್ತಾರೆ ಎಂದು ಮೊದಲು ನೋಡಿ. ಪಂಪ್‌ಸೆಟ್ ಮೋಟರ್ ಸುಡುತ್ತದೆ, ಅದೂ ಬೆಳೆಗೆ ನೀರು ಬೇಕಾದ ವಾರವೇ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದ ಎರಡರಲ್ಲಿ ಕರೆಂಟು ಹೆಚ್ಚಾಗಿ ವೈಂಡಿಂಗ್ ಬೇಯುತ್ತದೆ, ವೋಲ್ಟೇಜ್ ಇಳಿದರೂ ಅದೇ ಕಥೆ. ರೈತ ಮೋಟರನ್ನು ತಾಲ್ಲೂಕಿಗೆ ಹೊತ್ತು ಮೂರು ದಿನ ಕಾಯುತ್ತಾನೆ. ರಿವೈಂಡಿಂಗ್ ಕಲಿಸಲು ಬೇಕಾದದ್ದು ಕೈಯಿಂದ ತಿರುಗಿಸುವ ವೈಂಡಿಂಗ್ ಯಂತ್ರ, ಮೆಗ್ಗರ್, ಟಾಂಗ್ ಟೆಸ್ಟರ್, ಗೇಜ್, ತಾಮ್ರದ ತಂತಿ, ಇನ್ಸುಲೇಷನ್ ಕಾಗದ, ವಾರ್ನಿಷ್ ಮತ್ತು ಕಲಿಯಲು ಸುಟ್ಟ ಹಳೆಯ ಮೋಟರುಗಳು. ಅವು ಬೇಕಾದಷ್ಟು ಸಿಗುತ್ತವೆ. ಹದಿನೆಂಟರೊಳಗಿನವರು ಟೇಬಲ್ ಮೇಲಿನ ಕೆಲಸ ಕಲಿಯಲಿ, ಕಂಬ ಮತ್ತು ಲೈನು ಮುಟ್ಟುವುದು ಬೇಡವೇ ಬೇಡ. ವೆಲ್ಡರ್, ವೈರ್‌ಮನ್‌ನಂಥ ಐಟಿಐ ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು ಎಂಬುದು ಹತ್ತು ನಪಾಸಾದ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಕೊನೆಗೆ, ಬಹಳ ನಾಜೂಕಿನದು. ಸಂಜೆ ಕೋಣೆ ತೆರೆದರೆ ಮೂರನೇ ತಿಂಗಳಿಂದ ಬೇರೆ ಮಾತುಗಳೂ ಬರತೊಡಗುತ್ತವೆ: ಮನೆಯಲ್ಲಿ ಹೊಡೆತ, ನಿಶ್ಚಯವಾದ ಮದುವೆ, ಸೇಂದಿ, ಸಾಯಬೇಕೆನಿಸುವುದು. ಆಗ ಆ ಇಬ್ಬರು ಏನು ಮಾಡಬೇಕೆಂದು ಮೊದಲೇ ಬರೆದಿಟ್ಟಿರಬೇಕು. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬಾರದು. ಹದಿನೆಂಟರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಕಡ್ಡಾಯ. ಆದ್ದರಿಂದ ಮಾತು ಶುರುವಾಗುವ ಮುಂಚೆಯೇ 'ನಿನ್ನ ಜೀವಕ್ಕೆ ಅಪಾಯ ಇರೋ ಮಾತಾದ್ರ ನಾನು ಇನ್ನೊಬ್ಬರಿಗೆ ಹೇಳಬೇಕಾಗ್ತದವ್ವ' ಎನ್ನಬೇಕು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗೆ ಚೀಟಿ ಬರೆದು ಕಳಿಸಿದರೆ ಸಾಲದು, ಮೊದಲ ಸಲ ಜೊತೆಗೆ ಹೋಗಬೇಕು. ಅಲ್ಲಿ ಬೋರ್ಡಿನ ಕೆಳಗೆ, ಊರವರೆಲ್ಲ ಕೂತ ಬೆಂಚಿನ ಮೇಲೆ ಕಾಯುವಂತಾದರೆ ಎರಡನೇ ಸಲ ಹೋಗುವುದಿಲ್ಲ.

ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ವಿಷಯದಲ್ಲಿ ಅಬಕಾರಿ ದಾಳಿ ಬೇಕು, ಬೇಡವೆನ್ನುವುದಿಲ್ಲ. ಆದರೆ ದಾಳಿಯ ದಿನವನ್ನು ಆರೋಗ್ಯ ಇಲಾಖೆಗೂ ತಿಳಿಸಿ. ಆ ಪುಡಿ ಕ್ಲೋರಲ್ ಹೈಡ್ರೇಟ್. ದಿನವೂ ಕುಡಿಯುವವರಿಗೆ ಒಮ್ಮೆಲೇ ಸಿಗದೇ ಹೋದರೆ ನಡುಕ, ಬಡಬಡಿಕೆ, ಫಿಟ್ಸ್ ಬರುತ್ತವೆ. ಅದನ್ನು ಗಾಳಿ ಸೋಕಿದೆ ಎಂದು ದೇವರ ಗುಡಿಗೆ ಒಯ್ಯುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮದ್ದು, ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿಟ್ಟು ಆಮೇಲೆ ಅಂಗಡಿ ಮುಚ್ಚಿಸಿ.

ವರದಿಯ ನಮೂನೆಯನ್ನೂ ಬದಲಿಸಬೇಕು. 'ಫಲಾನುಭವಿಗಳು: 120' ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ, ಉದ್ಘಾಟನೆಗೆ ಬಂದವರನ್ನೂ ಅದರಲ್ಲಿ ಸೇರಿಸಿರುತ್ತಾರೆ. ನೂರು ಪುಟದ ಒಂದು ಉದ್ದ ಪುಸ್ತಕ ಸಾಕು. ಬಾಗಿಲು ತೆರೆದ ಹೊತ್ತು, ಮುಚ್ಚಿದ ಹೊತ್ತು, ಬಂದವರ ಹೆಸರು, ಹುಡುಗಿಯರೆಷ್ಟು, ತಾಂಡಾದವರೆಷ್ಟು. ತಿಂಗಳ ಕೊನೆಗೆ ಇನ್ನೊಂದು ಸಾಲು: ಕಳೆದ ತಿಂಗಳು ಬಂದು ಈ ತಿಂಗಳು ಬಾರದವರ ಹೆಸರು ಮತ್ತು ಕಾರಣ. ಗುಟ್ಟಿನ ವಿಷಯ ಈ ಪುಸ್ತಕದಲ್ಲಿ ಬರಬಾರದು, ಅದಕ್ಕೆ ಬೀಗದ ಪೆಟ್ಟಿಗೆಯಲ್ಲಿ ಬೇರೆ ವಹಿ ಇರಲಿ.

ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆ ತಯಾರಾಗುವುದು ಗಾಂಧಿ ಜಯಂತಿಯಿಂದ ಜನವರಿ ಕೊನೆಯೊಳಗೆ. ಆ ಸುತ್ತೋಲೆಯಲ್ಲೇ ಈ ಬಾಬತ್ತು ಬರಬೇಕು, ಆಮೇಲೆ ಬಂದರೆ ಮತ್ತೊಂದು ವರ್ಷ ಹೋಯಿತು. ಮೊದಲಿಗೆ ತಾಲ್ಲೂಕಿಗೆ ಎರಡೇ ಪಂಚಾಯಿತಿ ಆರಿಸಿ: ಒಂದು ನೀರಾವರಿಯದು, ಒಂದು ಒಣಭೂಮಿಯದು. ಪ್ರತಿ ಕೇಂದ್ರಕ್ಕೆ ಮೂರು ಕೀಲಿ ಮಾಡಿಸಿ. ಇಬ್ಬರು ಕಾರ್ಯಕರ್ತರ ಹತ್ತಿರ ಒಂದೊಂದು, ಮೂರನೆಯದು ಕೋಣೆಗೆ ಹತ್ತಿರದ ಮನೆಯ ಯಾವುದಾದರೂ ಅಜ್ಜಿಯ ಹತ್ತಿರ. ಅಧ್ಯಕ್ಷರ ಮನೆಯಲ್ಲಿ ಬೇಡ, ಅವರು ಊರಲ್ಲಿಲ್ಲದ ದಿನ ಮೂವತ್ತು ಮಂದಿ ಹೊರಗೆ ನಿಲ್ಲಬೇಕಾಗುತ್ತದೆ.

ಇಂತಿ,
ರಾಯಚೂರು ಜಿಲ್ಲೆಯ ಹಳ್ಳಿ, ತಾಂಡಾಗಳಲ್ಲಿ ಯುವಜನರ ಜೊತೆ ಕೆಲಸ ಮಾಡುತ್ತಿರುವವರು